ಅಕ್ಕಮ್ಮನ ಬಾಯಿಯ ಬೆಳ್ಳಿ

ನನ್ನ ನೆಗೆಣ್ಣಿ ಅಕ್ಕಮ್ಮನ ಸಂಗತಿ ಬರೆಯಲು ಕೂತರೆ ಮೊದಲು ಸಿಟ್ಟು ಬರುತ್ತದೆ. ಅದು ಅವಳ ಮೇಲಿನ ಸಿಟ್ಟೋ ನನ್ನ ಮೇಲಿನ ಸಿಟ್ಟೋ, ಇಷ್ಟು ವರ್ಷವಾದರೂ ಬಗೆಹರಿದಿಲ್ಲ. ಅವಳು ನಮ್ಮ ಭಾವ ಅನಂತಪ್ಪನವರ ಹೆಂಡತಿ. ನಾನು ಅವರ ತಮ್ಮ ಜಿನದತ್ತನ ಹೆಂಡತಿ, ಪದ್ಮವ್ವ. ಗಂಡನ ಹೆಸರು ಹೇಳಬಾರದು ಅನ್ನುತ್ತಾರೆ; ಬರೆಯಬಾರದು ಅಂತ ಯಾರೂ ಹೇಳಿಲ್ಲ. ಬನಹಟ್ಟಿಯಲ್ಲಿ ನಮ್ಮದು ನೇಕಾರರಿಗೆ ನೂಲು ಮಾರುವ ಮನೆ. ಒಂದೇ ಒಲೆ, ಹನ್ನೊಂದು ಜನರ ಊಟ, ಒಲೆಯ ಮುಂದೆ ಇಬ್ಬರು ಹೆಂಗಸರು. ಒಬ್ಬಳು ಒಂದೂವರೆ ಹೆಂಗಸಿನ ಕೆಲಸ ಮಾಡುತ್ತಿದ್ದಳು, ಇನ್ನೊಬ್ಬಳು ಅರ್ಧ ಹೆಂಗಸಿನದು. ಒಂದೂವರೆ ಯಾರು ಅಂತ ನಾನೇ ಹೇಳಿಕೊಂಡರೆ ಚಂದವಲ್ಲ, ಆದರೆ ಅದು ನಾನೇ.

ಅಕ್ಕಮ್ಮ ಮೊದಲಿನಿಂದ ಹಾಗಿರಲಿಲ್ಲ. ನಾನು ಸೊಸೆಯಾಗಿ ಬಂದ ವರ್ಷ ಅವಳು ಬಾವಿಯಿಂದ ತಲೆಯ ಮೇಲೆ ಎರಡು ಕೊಡ, ಸೊಂಟದ ಮೇಲೆ ಒಂದು ಕೊಡ ಹೊತ್ತು, ದಾರಿಯುದ್ದಕ್ಕೂ ಮಾತಾಡುತ್ತ ಬರುತ್ತಿದ್ದಳು. ಸಾವಿರದ ಒಂಬೈನೂರ ಮೂವತ್ತೆರಡರ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದಳು. ಜ್ವರ ಹೋಯಿತು, ಹಲ್ಲುನೋವು ಬಂತು. ತವರಿನವರು ಮಿರಜಕ್ಕೆ ಕರೆದುಕೊಂಡು ಹೋಗಿ, ಹುಳುಕು ಬಿದ್ದಿದ್ದ ನಾಲ್ಕು ದವಡೆ ಹಲ್ಲು ಕೊರೆಸಿ, ಬೆಳ್ಳಿ ತುಂಬಿಸಿ ಕಳಿಸಿದರು. ಅಲ್ಲಿಂದ ಮುಂದೆ ಅವಳ ಮೈಯಲ್ಲಿ ಕಸುವು ನಿಲ್ಲಲಿಲ್ಲ. ಜ್ವರದ ಬೆನ್ನಿಗೆ ಬೆಳ್ಳಿ, ಬೆಳ್ಳಿಯ ಬೆನ್ನಿಗೆ ದಣಿವು. ಯಾವುದರಿಂದ ಯಾವುದು ಅಂತ ಆಗ ಯಾರೂ ಕೇಳಲಿಲ್ಲ. ಆಮೇಲೆ ಎಲ್ಲರೂ ಕೇಳಿದರು.

ಅದು ಎಂಥ ದಣಿವು ಎಂದು ನನಗೆ ತಿಳಿಯುತ್ತಿರಲಿಲ್ಲ. ರಾತ್ರಿಯಿಡೀ ಮಲಗಿ ಎದ್ದವಳು ಹತ್ತು ಸೇರು ಜೋಳ ಬೀಸಿ ಬಂದವಳ ಹಾಗೆ ಕೂರುತ್ತಿದ್ದಳು. ಒಂದು ದಿನ ಗೆಲುವಾಗಿದ್ದು ಹಪ್ಪಳ ಲಟ್ಟಿಸಿದರೆ ಮೂರು ದಿನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಮಗಳಿಗೆ ಹೆರಳು ಹಾಕುತ್ತ ಅರ್ಧಕ್ಕೇ ಕೈ ಇಳಿಸಿ, ಮುಂದೇನು ಮಾಡಬೇಕು ಅಂತ ಮರೆತವಳಂತೆ ಕೂತಿರುತ್ತಿದ್ದಳು. ಜ್ವರವಿಲ್ಲ, ಕೆಮ್ಮಿಲ್ಲ, ಮುಖದ ಮೇಲೆ ಕಳೆ ಇದೆ, ಉಂಡದ್ದು ಅರಗುತ್ತದೆ. ಹೀಗಿದ್ದರೆ ಯಾರು ನಂಬುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾನು ರೊಟ್ಟಿ ಬಡಿಯುತ್ತ ಒಲೆಗೆ ಹೇಳುತ್ತಿದ್ದೆ. ಒಲೆಗೆ ಹೇಳಿದ್ದು ಅವಳಿಗೆ ಕೇಳಲಿ ಅಂತಲೇ ಹೇಳುತ್ತಿದ್ದೆ.

ಆ ಬೆಳ್ಳಿಯ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು, ಸುಳ್ಳೇಕೆ ಹೇಳಲಿ. ಅವಳು ನಕ್ಕಾಗ ಬಾಯಿಯ ಒಳಬದಿಯಲ್ಲಿ ಬೂದು ಬಣ್ಣದ್ದೇನೋ ಹೊಳೆಯುತ್ತಿತ್ತು. ಕಾಲಿಗೆ ಹಾಕುವ ಬೆಳ್ಳಿಯನ್ನು ಬಾಯಿಗೆ ಹಾಕಿಕೊಂಡಿದ್ದಾಳೆ, ಇನ್ನು ಮೂಗಿನ ಬಂಗಾರ ಕಾಲುಬೆರಳಿಗೆ ಇಳಿಯುತ್ತದೋ ಏನೋ ಎಂದು ಓಣಿಯ ಹೆಂಗಸರನ್ನು ನಗಿಸಿದ್ದೆ. ಅಕ್ಕಮ್ಮನೂ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು.

ಮುಂದಿನದು ತಿಳಿಯಬೇಕಾದರೆ ನಮ್ಮ ದಿಗಂಬರ ಮುನಿಗಳ ಆಹಾರದ ಕ್ರಮ ಗೊತ್ತಿರಬೇಕು. ಅವರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ ಉಣ್ಣುತ್ತಾರೆ. ನೀರು ಕುಡಿಯುವುದೂ ಆಗಲೇ. ಬಡಿಸುವವರು ಮಡಿಯುಟ್ಟು ನಿಂತು, ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧಿ ಅಂತ ಬಾಯಿಬಿಟ್ಟು ಹೇಳಬೇಕು. ಮನಸ್ಸು, ಮಾತು, ಮೈ, ಅನ್ನ, ನೀರು ಎಲ್ಲ ಶುದ್ಧವಾಗಿವೆ ಎಂದು ಕೊಡುವ ಮಾತು ಅದು. ಊಟದ ನಡುವೆ ಕೂದಲು ಕಂಡರೆ, ಇರುವೆ ಕಂಡರೆ, ಬಡಿಸುವವರ ಕೈಯಿಂದ ಪಾತ್ರೆ ಬಿದ್ದರೆ ಅದು ಅಂತರಾಯ. ಅಲ್ಲಿಗೆ ಊಟ ನಿಂತಿತು. ಮರುದಿನದವರೆಗೆ ಹನಿ ನೀರೂ ಇಲ್ಲ.

ಮೂವತ್ತನಾಲ್ಕರ ಬೇಸಿಗೆಯಲ್ಲಿ ಮುನಿಗಳೊಬ್ಬರು ತೇರದಾಳದ ಕಡೆಗೆ ನಡೆದು ಹೋಗುತ್ತ ನಮ್ಮ ಊರಿನಲ್ಲಿ ಎರಡು ದಿನ ತಂಗಿದರು. ಎರಡನೆಯ ದಿನ ನಮ್ಮ ಮನೆಗೇ ಬಂದರು. ಹಿರಿಯ ಸೊಸೆ ಅಂತ ಅಕ್ಕಮ್ಮ ಹಾಲಿನ ತಂಬಿಗೆ ಹಿಡಿದಿದ್ದಳು. ನಾಲ್ಕು ಗುಟುಕು ಆಗಿರಬೇಕು, ತಂಬಿಗೆ ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಮುನಿಗಳು ಬೊಗಸೆ ಬಿಟ್ಟರು. ಸಿಟ್ಟಿಲ್ಲ, ಮಾತಿಲ್ಲ. ಕೈ ತೊಳೆದು, ಕಮಂಡಲ ಎತ್ತಿಕೊಂಡು, ಬಿಸಿಲಿನಲ್ಲಿ ನಡೆದುಹೋದರು. ಅಕ್ಕಮ್ಮ ಚೆಲ್ಲಿದ ಹಾಲಿನ ನಡುವೆ ನಿಂತೇ ಇದ್ದಳು. ಅವಳನ್ನು ಕೈಹಿಡಿದು ಪಕ್ಕಕ್ಕೆ ಕರೆದು ಕೂರಿಸಿದ್ದು ಭಾವ. ನಾನಲ್ಲ.

ಮರುದಿನ ಬಸದಿಯ ಕಟ್ಟೆಯ ಮೇಲೆ ಹೆಂಗಸರು ನನ್ನನ್ನು ಸುತ್ತುವರಿದು, ಯಾಕೆ ಬಿತ್ತು ಅಂತ ಕೇಳಿದರು. ನಾನು ಹೇಳಿದೆ, ಬಾಯಿಯಲ್ಲಿ ಏನೇನೋ ಲೋಹ ತುಂಬಿಕೊಂಡವಳು ಕಾಯಶುದ್ಧಿ ಅಂದರೆ ಕೈಯಲ್ಲಿ ಪಾತ್ರೆ ನಿಂತೀತೇ ಎಂದು. ಹಗುರವಾಗಿ ಅಂದದ್ದು, ಮಾತಿಗೆ ಬಂದ ಮಾತು. ಅದು ಓಣಿ ಓಣಿ ಸುತ್ತಿ, ರಬಕವಿಗೂ ಹೋಗಿ, ವಾರದೊಳಗೆ ಶಾಸ್ತ್ರವಾಗಿ ನಮ್ಮ ಮನೆಗೇ ತಿರುಗಿ ಬಂತು. ಅಕ್ಕಮ್ಮನ ಸುಳ್ಳಿನಿಂದ ಮುನಿಗಳು ಹಸಿದು ಹೋದರಂತೆ. ಅದು ಹೊರಟದ್ದು ನನ್ನ ಬಾಯಿಂದ ಅಂತ ನಾನು ಯಾರಿಗೂ ಹೇಳಲಿಲ್ಲ. ಕೇಳಿದವರ ಮುಂದೆ, ಜನರ ಬಾಯಿಗೆ ಬೀಗ ಹಾಕಲಾದೀತೇ ಅಂತ ನಿಟ್ಟುಸಿರು ಕೂಡ ಬಿಟ್ಟೆ.

ಅಲ್ಲಿಂದ ಮೂರು ವರ್ಷ ಅಕ್ಕಮ್ಮ ಮಡಿಯ ಪಾತ್ರೆ ಮುಟ್ಟಲಿಲ್ಲ. ಆದರೆ ಸುಮ್ಮನೆಯೂ ಇರಲಿಲ್ಲ. ತನ್ನ ಬಾಯಿಯಲ್ಲಿರುವುದು ಮೈಯ ಭಾಗವೋ ಹೊರಗಿನ ವಸ್ತುವೋ ಎಂದು ಬಸದಿಯ ಪೂಜೆ ಮಾಡುವ ಉಪಾಧ್ಯೆಯವರನ್ನು ಕೇಳಿದಳು. ಅವರು ಒಂದು ವಾರ, ಹಲ್ಲೇ ಎಲುಬು, ಎಲುಬನ್ನೇ ಬಾಯಿಯಲ್ಲಿಟ್ಟುಕೊಂಡ ಮೇಲೆ ಬೆಳ್ಳಿಯದೇನು ಅಂದರು. ಮರುವಾರ, ಎಲುಬು ಹುಟ್ಟಿನಿಂದ ಬಂದದ್ದು, ಬೆಳ್ಳಿ ಮಿರಜದಿಂದ ಬಂದದ್ದು, ಎರಡೂ ಒಂದೇ ಅಲ್ಲ ಅಂದರು. ಮೂರನೆಯ ಸಲ ಕೇಳಿದಾಗ ಕೊಲ್ಲಾಪುರದ ಮಠಕ್ಕೆ ಬರೆದು ಕೇಳುತ್ತೇನೆ ಅಂದರು. ಕೊಲ್ಲಾಪುರದಿಂದ ಇನ್ನೂ ಉತ್ತರ ಬಂದಿಲ್ಲ.

ಆಮೇಲೆ ಅವಳು ಪತ್ತಾರ ಮೌನಪ್ಪನನ್ನು ಕೇಳಿದಳು. ನಮ್ಮ ಮನೆಯ ಒಡವೆಯೆಲ್ಲ ಅವನ ಕೈಯಿಂದಲೇ ಆದದ್ದು. ಮನೆಗೆ ಬಂದಿದ್ದಾಗ ಅವನನ್ನು ಬೆಳಕಿನ ಕಡೆಗೆ ಕೂರಿಸಿಕೊಂಡು ಬಾಯಿ ತೆರೆದು ತೋರಿಸಿದಳು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

“ಇದು ಬರೇ ಬೆಳ್ಳಿ ಅಲ್ಲರೀ ಅಕ್ಕಾರ,” ಅಂದ. “ಬರೇ ಬೆಳ್ಳಿ ಹಿಂಗ ಮೆತ್ತಗಾಗಿ ಹಲ್ಲಿನ ಸಂದ್ಯಾಗ ಕೂಡೂದಿಲ್ಲ. ಪಾದರಸ ಕಲಿಸ್ಯಾರ. ನಮ್ಮಪ್ಪ ಬಂಗಾರದ ನೀರು ಹಚ್ಚಾಕ ಜಲಮೆಲ್ಲಾ ಪಾದರಸ ಕಾಸಿದ. ಕಡೀಕ ಅವನ ಕೈ ಹೆಂಗ ನಡಗತಿದ್ದುವು ಅಂದ್ರ ಚಿಮಟಾ ಹಿಡಿಯೂದೂ ಆಗಲಿಲ್ಲ.”

ಅಕ್ಕಮ್ಮ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು ನೋಡಿಕೊಂಡಳು. ಅವತ್ತು ಅವಳ ಮುಖದಲ್ಲಿ ಕಂಡದ್ದು ಹೆದರಿಕೆ ಅಂತ ನಾನು ತಿಳಿದೆ. ಅದು ಆಸೆ ಅಂತ ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಮೂವತ್ತೇಳರಲ್ಲಿ ಮುನಿಗಳೊಬ್ಬರು ಚಾತುರ್ಮಾಸಕ್ಕೆ, ಎಂದರೆ ಮಳೆಗಾಲದ ನಾಲ್ಕು ತಿಂಗಳು, ಬನಹಟ್ಟಿಯಲ್ಲೇ ನಿಲ್ಲುತ್ತಾರೆ ಎಂದು ಸುದ್ದಿ ಬಂತು. ನಾಲ್ಕು ತಿಂಗಳೆಂದರೆ ಎಲ್ಲ ಮನೆಗಳಿಗೂ ಅವಕಾಶ ಉಂಟು. ಸುದ್ದಿ ಬಂದ ದಿನ ಅಕ್ಕಮ್ಮ ಮಲಗಿದ್ದಲ್ಲಿಂದಲೇ ನನ್ನನ್ನು ಕರೆದಳು.

“ಪದ್ಮಾ, ಈ ಸಲ ನಾ ಒಮ್ಮೆರ ಆಹಾರ ಕೊಡಬೇಕವಾ. ಮೊದಲಿಂದ ಕಡೀತನಕ. ತಂಬಗಿ ಬೀಳದಂಗ.”

ಅವಳು ಜೀವನದಲ್ಲಿ ಬಾಯಿಬಿಟ್ಟು ಬೇಡಿದ್ದು ಇದೊಂದೇ. ಪಾಟಲಿ ಬೇಕು, ಪೀತಾಂಬರ ಬೇಕು ಅಂದವಳಲ್ಲ. ಅದಕ್ಕೆ ಮೊದಲು ಹಲ್ಲಿನೊಳಗಿನ ಪಾದರಸ ತೆಗೆಸಬೇಕು ಅಂದಳು. ಅದು ಹೋದರೆ ಕಾಯಶುದ್ಧಿ ಅನ್ನುವುದು ಸುಳ್ಳಾಗುವುದಿಲ್ಲ. ಕೈಗೆ ಕಸುವು ಬಂದರೆ ತಂಬಿಗೆಯೂ ಬೀಳುವುದಿಲ್ಲ. ಒಂದೇ ಕೊರೆತದಲ್ಲಿ ಎರಡು ಕೆಲಸ ಅಂತ ಅವಳ ಲೆಕ್ಕ.

ಜಮಖಂಡಿಯ ಪೇಟೆಯಲ್ಲಿ ಆಗ ಬಾಳಾಸಾಹೇಬ ಎಂಬ ಹಲ್ಲಿನ ಡಾಕ್ಟರು ಹೊಸದಾಗಿ ಬಂದಿದ್ದರು. ಕಲಕತ್ತೆಯಲ್ಲಿ ಕಲಿತವರು. ಅರಿವೆ ಅಂಗಡಿಯ ಮಾಳಿಗೆಯ ಮೇಲೆ ಅವರ ಕುರ್ಚಿ, ಅದರ ಪಕ್ಕಕ್ಕೆ ಹೊಲಿಗೆ ಯಂತ್ರದ ಹಾಗೆ ಕಾಲಿನಿಂದ ತುಳಿಯುವ ಕೊರೆಯುವ ಯಂತ್ರ. ಮೊದಲು ಭಾವ ಹೋಗಿ ಕೇಳಿಕೊಂಡು ಬಂದರು. ಮೌನಪ್ಪ ಹೇಳಿದ್ದು ಖರೆ, ಅದರಲ್ಲಿ ಅರ್ಧ ಪಾದರಸವೇ ಎಂದು ಡಾಕ್ಟರು ಒಪ್ಪಿದರಂತೆ. ಜರ್ಮನಿಯ ಒಬ್ಬ ಪಂಡಿತ, ಹಲ್ಲಿನ ಪಾದರಸದ ಹಬೆಯಿಂದ ಮನುಷ್ಯನಿಗೆ ದಣಿವು, ಮರೆವು ಬರುತ್ತದೆ ಅಂತ ಬರೆದಿದ್ದಾನಂತೆ. ಅವನಿಗಿಂತ ದೊಡ್ಡ ಪಂಡಿತರು ಅದೆಲ್ಲ ಬುರುಡೆ ಅಂತ ಬರೆದಿದ್ದಾರಂತೆ. ನಿಮ್ಮ ಮಾತೇನು ಅಂತ ಭಾವ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: “ತೆಗೀತೇನಿ. ಆದ್ರ ದಣಿವು ಹೋಗತೈತಿ ಅಂತ ನಾ ಮಾತು ಕೊಡೂದಿಲ್ಲ.”

ಇದನ್ನು ಕೇಳಿ ನನಗೆ ತಲೆ ಕೆಟ್ಟಿತು. ಉಪಾಧ್ಯೆಗೆ ಗೊತ್ತಿಲ್ಲ ಅಂದರೆ ಕೊಲ್ಲಾಪುರವಾದರೂ ಉಂಟು. ಡಾಕ್ಟರಾದವನೇ ಗೊತ್ತಿಲ್ಲ ಅಂದರೆ ರೋಗಿ ಎಲ್ಲಿಗೆ ಹೋಗಬೇಕು? ಅಕ್ಕಮ್ಮನಿಗೆ ಮಾತ್ರ ಆ ಮಾತು ಹಿಡಿಸಿತು. ಇಲ್ಲ ಅಂತ ಅಂದಿಲ್ಲವಲ್ಲ ಅಂದಳು.

ಹೋಗುವ ದಿನ ಗೊತ್ತುಮಾಡಿದವಳು ನಾನು. ಜ್ಯೇಷ್ಠದ ಚತುರ್ದಶಿ. ಅವತ್ತು ಅವಳಿಗೂ ನನಗೂ ನಿರಾಹಾರ ಉಪವಾಸ, ಗಂಡಸರು ಹಿಂದಿನ ದಿನ ಬಡಿದು ಒಣಗಿಸಿದ ಖಟಿ ರೊಟ್ಟಿಯಲ್ಲಿ ಸುಧಾರಿಸುತ್ತಾರೆ, ಒಲೆಯ ಕೆಲಸ ಕಡಿಮೆ. ಬಾಯಿಗೆ ಏನೂ ಹಾಕದ ದಿನ ಬಾಯಿ ದುರಸ್ತಿ ಮಾಡಿಸಿದರೆ ಛಲೋ ಅಲ್ಲವೇ ಅಂತ ನನ್ನ ಜಾಣತನ. ಎಲ್ಲರೂ ತಲೆಯಾಡಿಸಿದರು. ಹೀಗೆ ಬೆಳಗಿನ ಸರ್ವಿಸ್ ಮೋಟಾರಿನಲ್ಲಿ ಭಾವ, ಅವಳು, ನಾನು ಜಮಖಂಡಿಗೆ ಹೋದೆವು.

ಭಾವ ಕೆಳಗೆ ಅಂಗಡಿಯಲ್ಲಿ ಕೂತರು. ನಾನು ಅವಳ ಜೊತೆ ಮಾಳಿಗೆ ಹತ್ತಿದೆ. ಹದಿನಾಲ್ಕು ಮೆಟ್ಟಿಲಿಗೆ ಅವಳು ಎರಡು ಕಡೆ ಕೂತಳು. ತೆಗೆದ ಜಾಗಕ್ಕೆ ಏನು ತುಂಬುತ್ತೀರಿ ಅಂತ ಅವಳೇ ಕೇಳಿದಳು. ಬಂಗಾರ ತುಂಬಬಹುದು, ಇಲ್ಲವೇ ಬಿಳಿಯ ಗಾರೆ, ಅದು ನಾಲ್ಕೈದು ವರ್ಷಕ್ಕೆ ಸವೆಯುತ್ತದೆ ಅಂದರು. ಅವಳು ಗಾರೆಯ ಪುಡಿಯನ್ನು ತರಿಸಿ ನೋಡಿ, ಇದರಲ್ಲಿ ಎಲುಬಿನದು, ಜೀವದ್ದು ಏನಾದರೂ ಉಂಟೋ ಎಂದು ವಿಚಾರಿಸಿದಳು. ಬರೀ ಸತುವಿನ ಪುಡಿ, ಜೀವದ್ದು ಏನೂ ಇಲ್ಲ ಅಂತ ಡಾಕ್ಟರು ಕೈಮುಗಿದು ಹೇಳಿದ ಮೇಲೆ ಕುರ್ಚಿಯಲ್ಲಿ ಒರಗಿದಳು.

ಡಾಕ್ಟರು ತುಳಿಯಲು ಶುರುಮಾಡಿದರು. ಹಲ್ಲಿನಿಂದ ಕರಿ ಪುಡಿ ಹಾರಿತು, ಕಾದ ಲೋಹದ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಯಂತ್ರ ನಿಲ್ಲಿಸಿ ಒಂದು ಗ್ಲಾಸು ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದರು. ಅಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿ ತಲೆಯಲ್ಲಾಡಿಸಿದಳು. ಇವತ್ತು ಉಪವಾಸ, ನೀರು ಬಾಯಿಗೆ ತಾಗಿದರೆ ಹೋಯಿತು ಅಂತ ನಾನು ಹೇಳಿದೆ. ನುಂಗಬೇಡಿ, ಬರೀ ಉಗುಳಿ, ಈ ಪುಡಿ ಒಳಗೆ ಹೋಗಬಾರದು ಅಂತ ಅವರು ಎರಡು ಸಲ ಹೇಳಿದರು. ನಮ್ಮಲ್ಲಿ ಉಪವಾಸದ ದಿನ ಹಲ್ಲು ಕೂಡ ಉಜ್ಜುವುದಿಲ್ಲ ಅಂತ ನಾನು ನಾಲ್ಕು ಸಲ ಹೇಳಿದೆ. ಹಾಗಾದರೆ ಇನ್ನೊಂದು ದಿನ ಬನ್ನಿ ಅಂದರು. ಇನ್ನೊಂದು ದಿನ ಬಂದರೆ ಹನ್ನೊಂದು ಜನರ ರೊಟ್ಟಿ ಯಾರು ಬಡಿಯಬೇಕು?

“ಡಾಕ್ಟರ, ಧರ್ಮದ ಕೆಲಸ ನಮಗ ಬಿಡ್ರಿ, ನೀವು ನಿಮ್ಮ ಕೆಲಸ ಮಾಡ್ರಿ,” ಅಂದೆ.

ಅವರು ಅಕ್ಕಮ್ಮನ ಮುಖ ನೋಡಿದರು. ಅಕ್ಕಮ್ಮ ನನ್ನ ಮುಖ ನೋಡಿ, ಆಮೇಲೆ ಅವರಿಗೆ ಹೂಂ ಅಂದಳು. ಅವರು ಹತ್ತಿ ತುರುಕಿ, ಒರೆಸಿ ಒರೆಸಿ ಎರಡು ಹಲ್ಲು ಮುಗಿಸಿದರು. ಅವಳು ಎಷ್ಟು ಉಗುಳಿದಳೋ, ಎಷ್ಟು ನುಂಗಿದಳೋ. ಮೋಟಾರಿನಲ್ಲಿ ಬರುವಾಗ ತುಟಿಯ ಮೂಲೆಯಲ್ಲಿ ಬೂದು ಬಣ್ಣ ಇತ್ತು. ಬಾಯಿ ತಾಮ್ರದ ಕಾಸು ಚೀಪಿದ ಹಾಗೆ ಆಗಿದೆ ಅಂದಳು. ಮರುದಿನ ಹೊತ್ತು ಮೂಡಿ ಎರಡು ಗಳಿಗೆ ಕಳೆಯುವವರೆಗೆ ಆ ಬಾಯಿಗೆ ನೀರು ತಾಗಲಿಲ್ಲ.

ನಾಲ್ಕನೆಯ ದಿನಕ್ಕೆ ಒಸಡುಗಳು ಬಾತವು. ಬಾಯಿತುಂಬ ಹುಣ್ಣು, ದಿಂಬು ತೋಯುವಷ್ಟು ಜೊಲ್ಲು. ಅಂಬಲಿ ಕುಡಿಯಲೂ ಅಳುತ್ತಿದ್ದಳು. ಇಪ್ಪತ್ತಾರು ದಿನ ಹಾಸಿಗೆ ಬಿಡಲಿಲ್ಲ. ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರು. ಪಾದರಸ ಮೈಯಿಂದ ಹೊರಗೆ ಹೊರಟಿದೆ, ಇದು ಒಳ್ಳೆಯ ಲಕ್ಷಣ ಅಂತ ಒಬ್ಬರು. ಗೂಡು ಬಿಚ್ಚಿದ್ದರಿಂದ ಒಳಗೆ ಹೊಕ್ಕಿದೆ ಅಂತ ಇನ್ನೊಬ್ಬರು. ಚಿಮ್ಮಡದ ವೈದ್ಯರು ನಾಡಿ ಹಿಡಿದು, ಇದೆಲ್ಲ ಪಿತ್ತ, ಹಲ್ಲಿಗೂ ಇದಕ್ಕೂ ಸಂಬಂಧವೇ ಇಲ್ಲ ಅಂದರು. ಡಾಕ್ಟರಿಗೆ ಭಾವ ಕಾರ್ಡು ಬರೆದರೆ, ಮುಕ್ಕಳಿಸದೆ ಪುಡಿ ಒಳಗೆ ಹೋದದ್ದು ಕಾರಣ ಇದ್ದೀತು, ಇರಲಿಕ್ಕೂ ಇಲ್ಲ ಅಂತ ಉತ್ತರ ಬಂತು. ನನಗೆ ಯಾವುದೂ ತಿಳಿಯಲಿಲ್ಲ. ಚತುರ್ದಶಿಯ ದಿನ ಆರಿಸಿದವಳು ನಾನು, ಆ ಗ್ಲಾಸಿಗೆ ಅಡ್ಡ ನಿಂತವಳು ನಾನು, ಇಷ್ಟು ಮಾತ್ರ ತಿಳಿದಿತ್ತು. ಆ ಇಪ್ಪತ್ತಾರು ದಿನ ನಾನು ಒಲೆಯ ಜೊತೆ ಮಾತಾಡಲಿಲ್ಲ. ಅವಳ ಮಗಳ ಹೆರಳು ಹಾಕಿದೆ, ಅವಳ ದಿಂಬಿನ ಅರಿವೆ ಒಗೆದೆ. ಅವಳು ಮಾತ್ರ ಒಂದು ದಿನವೂ, ನಿನ್ನಿಂದ ಹೀಗಾಯಿತು ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಉಳಿದ ಎರಡು ಹಲ್ಲಿಗೆ ಹೋಗುವುದು ಬೇಡ ಅಂತ ನಾನೇ ಅಡ್ಡ ಹಾಕಿದೆ. ಅರ್ಧ ಶುದ್ಧಿಯಲ್ಲಿ ನಿಂತು ಏನು ಮಾಡಲಿ ಅಂತ ಅವಳು ಕೇಳಿದಳು. ಶ್ರಾವಣದಲ್ಲಿ, ಉಪವಾಸವಿಲ್ಲದ ಒಂದು ಬುಧವಾರ ಮತ್ತೆ ಹೋದೆವು. ಅರಿವೆಯಲ್ಲಿ ಗಾಳಿಸಿ ಕಾಸಿದ ಎರಡು ತಂಬಿಗೆ ನೀರನ್ನು ನಾನೇ ಮನೆಯಿಂದ ಒಯ್ದಿದ್ದೆ. ಡಾಕ್ಟರು ಹೇಳಿದ್ದು ಹತ್ತು ಸಲ, ನಾನು ಮುಕ್ಕಳಿಸಲು ಹಚ್ಚಿದ್ದು ಇಪ್ಪತ್ತು ಸಲ. ಈ ಸಲ ಹುಣ್ಣಾಗಲಿಲ್ಲ. ನಾಲ್ಕೂ ಹಲ್ಲು ಬಿಳಿಯಾದವು, ಊರಲ್ಲಿ ಎಲ್ಲರ ಹಲ್ಲಿನ ಹಾಗೆ ಆದವು.

ಅದಾದ ಹನ್ನೆರಡನೆಯ ದಿನ ಅಕ್ಕಮ್ಮ ನಸುಕಿನಲ್ಲಿ ನನಗಿಂತ ಮೊದಲು ಎದ್ದು ಒಲೆ ಹೊತ್ತಿಸಿದ್ದಳು. ರೊಟ್ಟಿ ಬಡಿದಳು, ಬಾವಿಗೆ ಹೋದಳು, ದಾರಿಯಲ್ಲಿ ನಕ್ಕಳು. ಒಂಬತ್ತು ದಿನ ಹೀಗೇ ನಡೆಯಿತು. ಓಣಿಯವರೆಲ್ಲ ನೋಡಿ, ಪಾದರಸವೇ ಮೂಲ, ನಾವು ಹೇಳಿರಲಿಲ್ಲವೇ ಅಂದರು. ನನಗೂ ಹೌದೆನಿಸಿತು. ಹತ್ತನೆಯ ದಿನ ಅವಳು ಕೊಡ ಇಳಿಸಿದವಳು ಅಲ್ಲೇ ಕೂತಳು. ಮತ್ತೆ ಐದು ದಿನ ಏಳಲಿಲ್ಲ. ಹಾಗಾದರೆ ಆ ಒಂಬತ್ತು ದಿನ ಏನು? ಈ ಐದು ದಿನ ಏನು? ಕೂಸು ಹುಟ್ಟುವ ಮುಂಚೆ ಕುಲಾಯಿ ಹೊಲಿದವರೆಲ್ಲ ಮೆಲ್ಲಗೆ ಮಾತು ಬದಲಿಸಿದರು. ನಾನು ದಿನವೂ ಅವಳ ಮುಖ ನೋಡಿ, ಇವತ್ತು ಪಾದರಸ ಇದೆಯೋ ಹೋಗಿದೆಯೋ ಅಂತ ಹವಾ ನೋಡುವ ರೈತನ ಹಾಗೆ ಹುಡುಕುತ್ತಿದ್ದೆ.

ಅಕ್ಕಮ್ಮ ಹುಡುಕುವುದನ್ನು ಬಿಟ್ಟು ಬೇರೆ ಏನೋ ಕಲಿತಿದ್ದಳು. ಒಂದು ಹಗಲು ಪೂರಾ ಮಲಗಿದರೆ ಮರುದಿನ ಒಂದು ತಾಸು ನಿಲ್ಲಬಲ್ಲೆ ಅಂದಳು. ನಿಲ್ಲಬೇಕಾದ ದಿನಕ್ಕೆ ಮೊದಲು ಮೂರು ದಿನ ಯಾವ ಕೆಲಸವನ್ನೂ ಕೇಳಬೇಡ ಅಂದಳು. ಹಿಂದೆ ಇದೇ ಮಾತು ಕೇಳಿದ್ದರೆ ನಾನು ಒಲೆಗೆ ಒಂದು ವಾರ ಸಾಕಾಗುವಷ್ಟು ಹೇಳುತ್ತಿದ್ದೆ. ಆಗಲಿ ಅಕ್ಕಾ ಅಂದೆ.

ಭಾದ್ರಪದದ ಪರ್ವ ಮುಗಿದ ಮೇಲೆ ನಮ್ಮ ಮನೆಯಲ್ಲಿ ಮುನಿಗಳಿಗಾಗಿ ಮಡಿಯ ಅಡುಗೆ ಹೂಡಿದೆವು. ಅಡುಗೆ ಮಾಡಿದ ಮಾತ್ರಕ್ಕೆ ಅವರು ಬರುತ್ತಾರೆ ಅಂತಿಲ್ಲ. ಬಸದಿಯಿಂದ ಹೊರಡುವಾಗ ಅವರು ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡಿರುತ್ತಾರೆ, ಇಂಥದ್ದು ಕಂಡ ಬಾಗಿಲಲ್ಲಿ ಮಾತ್ರ ನಿಲ್ಲುತ್ತೇನೆ ಅಂತ. ಅದು ಏನೆಂದು ಯಾರಿಗೂ ಹೇಳುವುದಿಲ್ಲ. ಐದಾರು ಮನೆಯವರು ಮಡಿಯುಟ್ಟು, ಕಳಶ ಹಿಡಿದು ಬಾಗಿಲಲ್ಲಿ ಕಾಯುತ್ತಾರೆ, ಒಂದು ಮನೆಗೆ ಭಾಗ್ಯ. ಮೊದಲ ದಿನ ಅಕ್ಕಮ್ಮ, ಭಾವ, ನಾನು ಮೂವರೂ ನಿಂತೆವು. ಮುನಿಗಳು ಆಹಾರಕ್ಕೆ ಹೊರಟ ಗುರುತಿಗೆ ಬಲಗೈ ಬೆರಳುಗಳನ್ನು ಹೆಗಲಿಗೆ ಮುಟ್ಟಿಸಿಕೊಂಡು, ನಮ್ಮನ್ನು ದಾಟಿ ಹೋದರು. ಎರಡನೆಯ ದಿನ ದಾಟಿದರು. ಮೂರನೆಯ ದಿನವೂ ದಾಟಿದರು. ಪ್ರತಿ ದಿನ ನಸುಕಿನಲ್ಲಿ ತಣ್ಣೀರು ಮೈಗೆ ಸುರಿದುಕೊಂಡು, ಒದ್ದೆ ಕೂದಲಲ್ಲಿ ಒಂದು ತಾಸು ನಿಂತು, ಅವಳು ಕೂಡಿಸಿಟ್ಟಿದ್ದ ಕಸುವೆಲ್ಲ ಬಾಗಿಲಲ್ಲೇ ಖರ್ಚಾಗುತ್ತಿತ್ತು. ಬಿಡು ಅಕ್ಕಾ, ದೀಪಾವಳಿತನಕ ಸಮಯ ಇದೆ ಅಂದರೆ ಕೇಳಲಿಲ್ಲ.

ಆರನೆಯ ದಿನ ಸ್ನಾನ ಮಾಡಿ ಮಡಿಯುಟ್ಟಳು, ಅಷ್ಟೇ. ಬಾಗಿಲವರೆಗೆ ನಡೆಯಲಾಗದೆ ಅಡುಗೆಮನೆಯ ಬರಿ ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿದಳು. ಭಾವ ಮತ್ತು ನಾನು ಇಬ್ಬರೇ ಹೋಗಿ ನಿಂತೆವು. ಮುನಿಗಳು ಅವತ್ತು ನಮ್ಮ ಬಾಗಿಲ ಮುಂದೆ ನಿಂತರು. ಇಬ್ಬರೇ ಇರುವ ಬಾಗಿಲು ಅಂತ ನೇಮವಿತ್ತೋ, ಬೇರೆ ಏನಿತ್ತೋ, ಅದೂ ನನಗೆ ಗೊತ್ತಿಲ್ಲ. ಭಾವ ನಮೋಸ್ತು ಅನ್ನುತ್ತ ಮೂರು ಸುತ್ತು ಬಂದು ಅವರನ್ನು ಒಳಗೆ ಕರೆತಂದರು. ಪಾದ ತೊಳೆದೆವು, ಪೂಜೆಯಾಯಿತು. ಭಾವ ಶುದ್ಧಿಯ ಮಾತು ಹೇಳಿ ನನ್ನ ಕಡೆ ನೋಡಿದರು. ಬಡಿಸುವವಳು ನಾನು, ನಾನೂ ಹೇಳಬೇಕು.

ಮನ ಅಂದೆ. ಮುಂದೆ ಬರಲಿಲ್ಲ. ಇಷ್ಟು ವರ್ಷ ಎಷ್ಟು ಮುನಿಗಳ ಮುಂದೆ ಗಿಳಿಯ ಹಾಗೆ ಹೇಳಿದ್ದೆನೋ. ಈ ಮನೆಯಲ್ಲಿ ಒಬ್ಬಳು ಮೂರನೆಯ ಶುದ್ಧಿಗಾಗಿ ಮೂರು ವರ್ಷ ಒದ್ದಾಡಿದಳು, ಹಲ್ಲು ಕೊರೆಸಿಕೊಂಡಳು, ಹುಣ್ಣು ತಿಂದಳು. ಮೊದಲನೆಯ ಶುದ್ಧಿಯೇ ನನ್ನಲ್ಲಿ ಇಲ್ಲ ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೇಳಿದರೆ ಸುಳ್ಳು, ಹೇಳದಿದ್ದರೆ ಮುನಿಗಳು ಹಸಿದು ಹೋಗುತ್ತಾರೆ. ಅವರು ಕೈ ಜೋಡಿಸದೆ ಶಾಂತವಾಗಿ ನಿಂತಿದ್ದರು.

ಹಿಂದಿನಿಂದ ಗೋಡೆ ಸವರಿಕೊಂಡು ಬರುವ ಸದ್ದಾಯಿತು. ಅಕ್ಕಮ್ಮ ಬಂದು ನನ್ನ ಪಕ್ಕ ನಿಂತು, ಕೈಮುಗಿದು, ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರಜಲ ಶುದ್ಧಿ ಅಂದಳು. ಎಲ್ಲಿಯೂ ತಡವರಿಸಲಿಲ್ಲ. ಮುನಿಗಳು ಬೊಗಸೆ ಜೋಡಿಸಿದರು.

ಹೇಳದವಳು ಪಾತ್ರೆ ಮುಟ್ಟುವಂತಿಲ್ಲ. ಭಾವ ಒಂದೊಂದೇ ಬಟ್ಟಲು ಎತ್ತಿ ಕೊಟ್ಟರು, ಅವಳು ಬಡಿಸಿದಳು. ಎರಡನೆಯ ತುತ್ತಿಗೇ ಅವಳ ಕೈ ನಡುಗಿತು. ನಾನು ಹಿಂದೆ ನಿಂತು ನನ್ನ ಅಂಗೈಯನ್ನು ಅವಳ ಮೊಳಕೈಗೆ ಆನಿಸಿದೆ. ಪಾತ್ರೆ ಮುಟ್ಟುವಂತಿರಲಿಲ್ಲ, ಅವಳನ್ನು ಮುಟ್ಟಬಾರದು ಅಂತ ಯಾರೂ ಹೇಳಿಲ್ಲ. ಅನ್ನ, ಬೇಳೆ, ತುಪ್ಪ, ಹಾಲು. ಅವಳ ಇಡೀ ಮೈಯ ಭಾರ ನನ್ನ ಎದೆಯ ಮೇಲೆ ಒರಗಿತ್ತು. ಆ ನಡುಕ ನನ್ನ ಹಲ್ಲಿನವರೆಗೆ ಬಂತು. ಏಳು ವರ್ಷದ ಹುಡುಗಿಯ ಕೈಯಲ್ಲಿ ಕೂಡ ಇದಕ್ಕಿಂತ ಕಸುವಿರುತ್ತದೆ. ಇದನ್ನು ನಾನು ಐದು ವರ್ಷ ಮೈಗಳ್ಳತನ ಅಂದಿದ್ದೆ. ಕೊನೆಗೆ ನೀರಿನ ತಂಬಿಗೆ ಬಂತು. ಮುನಿಗಳು ಸಾಕೆಂದು ಬೊಗಸೆ ಇಳಿಸುವವರೆಗೆ ಅವಳು ಹಿಡಿದಿದ್ದಳು. ತಂಬಿಗೆ ಬೀಳಲಿಲ್ಲ.

ಅಕ್ಕಮ್ಮ ಆಮೇಲೆ ಹನ್ನೊಂದು ದಿನ ಮಲಗಿದಳು, ಮತ್ತೆ ಎದ್ದಳು, ಮತ್ತೆ ಮಲಗಿದಳು. ಬಿಳಿಯ ಗಾರೆ ಎರಡು ಸಲ ಉದುರಿತು, ಎರಡು ಸಲ ಹಾಕಿಸಿದೆವು. ಕೆಲವು ವರ್ಷ ಗೆಲುವಾಗಿದ್ದಳು, ಕೆಲವು ವರ್ಷ ಇರಲಿಲ್ಲ. ಮಗಳ ಮದುವೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಅಕ್ಷತೆ ಹಾಕಿದಳು. ಪಾದರಸದಿಂದ ಹಾಗಾಗಿತ್ತೇ, ಜ್ವರದಿಂದ ಆಗಿತ್ತೇ, ತೆಗೆಸಿದ್ದರಿಂದ ಒಳ್ಳೆಯದಾಯಿತೇ, ಕೆಟ್ಟದಾಯಿತೇ ಎಂದು ಕೇಳುವವರಿಗೆ ನಾನು ಹೇಳುವುದು ಡಾಕ್ಟರು ಹೇಳಿದ್ದನ್ನೇ. ಗೊತ್ತಿಲ್ಲ.

ಆದರೆ ಮುನಿಗಳು ಹೋದ ಆ ಮಧ್ಯಾಹ್ನ ನಾವಿಬ್ಬರೇ ಅಡುಗೆಮನೆಯಲ್ಲಿ ಉಳಿದೆವು. ಅವಳು ನೆಲದ ಮೇಲೆ ಮಲಗಿದ್ದಳು. ಯಾಕೆ ಬಾಯಿ ಕಟ್ಟಿತು ಅಂತ ಕೇಳಿದಳು. ನಾನು ಅಳುತ್ತ ಹೇಳಿಬಿಟ್ಟೆ.

“ಆ ಮಾತು ಅಂದಾಕಿ ನಾನ ಅಕ್ಕಾ. ನಿನ್ನ ಬಾಯಾಗಿನ ಬೆಳ್ಳಿಗೇ ತಂಬಗಿ ಬಿತ್ತು ಅಂತ. ಬಸದಿ ಕಟ್ಟಿ ಮ್ಯಾಲೆ ಎಲ್ಲಾರಕಿಂತ ಮೊದಲ ಅಂದಾಕಿ ನಾನು.”

“ಗೊತ್ತೈತಿ,” ಅಂದಳು. “ಅವತ್ತ ನಾ ಬಸದಿ ಒಳಗ ಕಂಬಕ್ಕ ಆನಿಕೊಂಡು ಕುಂತಿದ್ನಿ. ಎದ್ದು ಹೊರಗ ಬರಾಕ ಕಸುವು ಇರಲಿಲ್ಲ.”

ಮೂರು ವರ್ಷ ಗೊತ್ತಿದ್ದೂ ನನ್ನ ಕೈಯ ರೊಟ್ಟಿ ಉಂಡಿದ್ದಳು. ನಾನು ಆರಿಸಿದ ದಿನಕ್ಕೆ ಹೂಂ ಅಂದಿದ್ದಳು.

“ನಾ ಚಾಷ್ಟಿಗೆ, ನಗಸಾಕ ಅಂದದ್ದು. ಗೊತ್ತಿದ್ದೂ ಹಲ್ಲು ಯಾಕ ಕೊರಿಸ್ಕೊಂಡಿ?”

ಅವಳು ಕಣ್ಣು ತೆರೆಯದೆಯೇ ಹೇಳಿದಳು.

“ನೀ ಅಂದದ್ದು ಖರೆ ಆಗಲಿ ಅಂತ ದಿನಾ ಬೇಡಕೋತಿದ್ದೆ ಪದ್ಮಾ. ಕಾರಣ ಬೆಳ್ಳಿ ಆದ್ರ ತಗಸಬಹುದಿತ್ತು.”